ಹೇಳಿದ್ದು ಹೇಳಿದ ಹಾಗೆ

ಮನಸ್ಸಿನ ಗುಟ್ಟು ಹೇಳಿಕೊಳ್ಳಲೆಂದು ಕೊಟ್ಟ ಕೋಣೆಯಲ್ಲಿ ಗಂಟಲು ಹರಿಯುವಂತೆ ಕೂಗಿ ಮಾತಾಡಬೇಕಿತ್ತು. ಗೋಡೆಯ ಆಚೆಗೇ ರೋಲರ್. ಆಸ್ಪತ್ರೆಗಳಿಂದ ಬಂದ ಹಾಸುಬಟ್ಟೆಗಳನ್ನು ಒಗೆದ ಮೇಲೆ ಇಸ್ತ್ರಿಗೆಂದು ಆ ಕಾದ ಉರುಳೆಗಳ ನಡುವೆ ತೂರಿಸುತ್ತಾರೆ. ಬೆಳಗ್ಗೆ ಏಳಕ್ಕೆ ಹೊರಳತೊಡಗಿದರೆ ಸಂಜೆಯವರೆಗೆ ಅದಕ್ಕೆ ಬಿಡುವಿಲ್ಲ, ಅದರ ಮುಂದೆ ನಿಂತ ಹೆಂಗಸರಿಗೂ ಬಿಡುವಿಲ್ಲ.

ಒಗೆಯುವ ಮೊದಲು ಗಂಟು ಬಿಚ್ಚಿ ಒಂದೊಂದೇ ಬಟ್ಟೆ ಕೊಡವಬೇಕು. ಆಸ್ಪತ್ರೆಯವರು ಬಟ್ಟೆಯ ಜೊತೆಗೆ ಸೂಜಿಯನ್ನೂ ಕಳಿಸುತ್ತಾರೆ. ಯಾರಿಗೆ ಚುಚ್ಚಿದ್ದೋ, ಯಾವ ರೋಗದ್ದೋ, ಬಟ್ಟೆಯ ಮಡಿಕೆಯಲ್ಲಿ ಕೂತಿರುತ್ತದೆ. ಬೆರಳಿಗೆ ಚುಚ್ಚಿದರೆ ನಲ್ಲಿಯ ಕೆಳಗೆ ಹಿಡಿದು ಮತ್ತೆ ಕೆಲಸಕ್ಕೆ ನಿಲ್ಲಬೇಕು. ಕೈಗವಸು ಕೇಳಿದರೆ, "ಗವಸು ಹಾಕಿದ್ರೆ ಕೈ ನಿಧಾನ ಆಗುತ್ತೆ" ಎನ್ನುತ್ತಾನೆ ಮ್ಯಾನೇಜರ್. ಅವನ ಕೈ ಹಾಸುಬಟ್ಟೆ ಮುಟ್ಟಿದ್ದನ್ನು ಕಂಡವರಿಲ್ಲ.

ಇಂಥ ಕಾರ್ಖಾನೆಗೆ ಒಂದು ದಿನ ಕಾಲೇಜಿನಿಂದ ಹುಡುಗಿಯೊಬ್ಬಳು ಬಂದಳು. ಸೋಪಿನ ಡ್ರಮ್ಮುಗಳನ್ನಿಟ್ಟಿದ್ದ ಕೋಣೆಯನ್ನು ಖಾಲಿ ಮಾಡಿ, ಎರಡು ಕುರ್ಚಿ ಹಾಕಿ, ಬಾಗಿಲಿಗೆ 'ಮನ ಹಗುರ' ಅಂತ ಫಲಕ ಹೊಡೆದರು. ಹೊಸಬಳೇನಲ್ಲ ಅವಳು. ರೋಲರಿನ ಮುಂದೆ ಹದಿನೆಂಟು ವರ್ಷದಿಂದ ನಿಂತಿರುವವಳ ಮಗಳೇ. ಸಮಾಲೋಚನಾ ಮನಶ್ಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಳು.

"ಹಾಗಂದ್ರೆ ಏನಮ್ಮ ಓದು?" ಎಂದು ಅಮ್ಮನನ್ನು ಯಾರಾದರೂ ಕೇಳಿದರೆ, "ಜನ ಅಳ್ತಾರೆ, ಇವಳು ಕೇಳ್ತಾಳೆ. ಅದಕ್ಕೂ ಪರೀಕ್ಷೆ ಇದೆಯಂತೆ" ಎಂದು ನಗುತ್ತಿದ್ದಳು. ಆ ನಗುವಿನಲ್ಲಿ ಹೆಮ್ಮೆ ಇಷ್ಟಿಷ್ಟಲ್ಲ. ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದ ಮಗಳು. ಮನೆತನದಲ್ಲೇ ಕುರ್ಚಿಯ ಮೇಲೆ ಕೂತು ದುಡಿಯುವ ಮೊದಲ ಜೀವ.

ಆ ಓದಿಗೊಂದು ನಿಯಮವಿದೆ. ಮುನ್ನೂರು ಗಂಟೆ ಜನರ ಕಷ್ಟ ಕೇಳಬೇಕು, ಪ್ರತಿ ಗಂಟೆಗೂ ಗೈಡ್ ಮೇಡಂ ಸಹಿ ಬೀಳಬೇಕು. ಒಂದು ಗಂಟೆ ಕಡಿಮೆಯಾದರೂ ಪದವಿಯಿಲ್ಲ. ಹೆಚ್ಚಿನ ಗಂಟೆಗಳನ್ನು ಬೇರೆ ಕಡೆ ಮುಗಿಸಿ, ಕೊನೆಯವಕ್ಕೆ ಇಲ್ಲಿಗೆ ಬಂದಿದ್ದಳು. ಇನ್ನೊಂದು ನಿಯಮ: ಕೇಳಿದ್ದನ್ನು ಕೇಳಿದ ಹಾಗೇ ಬರೆಯಬೇಕು. "ನಿನ್ನ ಮಾತು ಸೇರಿಸ್ಬೇಡ. ಅವರು ಹೇಗೆ ಹೇಳಿದ್ರೋ ಹಾಗೇ. ಹೆಸರು ಮಾತ್ರ ಬೇಡ" ಎಂದಿದ್ದರು ಮೇಡಂ. ಹಾಗಾಗಿ ಅವಳ ಫೈಲಿನಲ್ಲಿ ವ್ಯಕ್ತಿ ಒಂದು, ವ್ಯಕ್ತಿ ಎರಡು, ಇಷ್ಟೇ. ಮೇಲೆ ಕೆಂಪು ಅಕ್ಷರದಲ್ಲಿ 'ಗೋಪ್ಯ'. ವಾರಕ್ಕೊಮ್ಮೆ ಫೈಲು ತಿದ್ದಲು ಮೇಡಂ ಹತ್ತಿರ ಹೋಗುತ್ತಿತ್ತು.

ಏಳನೆಯ ವ್ಯಕ್ತಿಯಾಗಿ ಬಂದವಳು ಸೂಜಿಯಕ್ಕ. ನಲವತ್ತು ದಾಟಿದ ಒಂಟಿ ಹೆಂಗಸು, ಮನೆಯಲ್ಲಿ ಹಾಸಿಗೆ ಹಿಡಿದ ತಂಗಿ. ಸಿಕ್ಕ ಸೂಜಿಗಳನ್ನು ಕಸಕ್ಕೆ ಹಾಕದೆ ಎತ್ತಿಡುತ್ತಾಳೆಂದು ಆ ಹೆಸರು. ಯಾಕೆ ಎತ್ತಿಡುತ್ತಾಳೆಂದು ಯಾರಿಗೂ ಗೊತ್ತಿರಲಿಲ್ಲ.

"ನಿದ್ದೆ ಇಲ್ಲ ಕಣೆ" ಎಂದಳು ಅವಳು, ರೋಲರಿನ ಸದ್ದಿನ ಮೇಲೆ ಕೂಗಿ. "ಹೋದ ತಿಂಗಳು ಹೆಬ್ಬೆರಳಿಗೆ ಆಳಕ್ಕೆ ಚುಚ್ಚಿತು. ರಕ್ತ ಪರೀಕ್ಷೆ ಮಾಡಿಸಿ ಅಂದೆ. ನಿನ್ನ ಅಜಾಗರೂಕತೆ ಅಂದ ಮ್ಯಾನೇಜರ್. ನಾನೇನು ಒದ್ದೆ ಬಟ್ಟೇನಾ, ಹಿಂಡಿದಷ್ಟೂ ನೀರು ಕೊಡೋಕೆ?"

ಹುಡುಗಿ ಬರೆದುಕೊಂಡಳು.

"ನನ್ನ ಹತ್ರ ಒಂದು ಬಾಟ್ಲಿ ಇದೆ. ತುಂಬ ಸೂಜಿ. ಲಾಕರ್‌ನಲ್ಲಿಟ್ಟಿದ್ದೀನಿ. ಇನ್‌ಸ್ಪೆಕ್ಟರ್ ಕಾರ್ಖಾನೆ ತಪಾಸಣೆಗೆ ಬರ್ತಾರಲ್ಲ, ಅವತ್ತು ಅವರ ಮೇಜಿನ ಮೇಲೆ ಸುರೀತೀನಿ. ಇದು ನಿನ್ನಲ್ಲೇ ಇರ್ಲಿ."

"ನನ್ನಲ್ಲೇ ಇರುತ್ತೆ ಅಕ್ಕ" ಎಂದಳು ಹುಡುಗಿ. ಹಾಗೆ ಹೇಳಿ, ಬಾಟಲಿಯನ್ನೂ ಒದ್ದೆ ಬಟ್ಟೆಯನ್ನೂ ಒಂದಕ್ಷರ ಬಿಡದೆ ಬರೆದಳು. ಚೆನ್ನಾಗಿ ಬರೆದಿದ್ದಕ್ಕೆ ಮೇಡಂ 'ಉತ್ತಮ' ಎಂದು ಹಾಕಿದರು.

ಮೂರನೆಯ ದಿನ ಸೂಜಿಯಕ್ಕನ ಲಾಕರ್ ಒಡೆದಿದ್ದರು. ಬಾಟಲಿ ಇರಲಿಲ್ಲ. ಕಾರ್ಖಾನೆಯ ಸ್ವತ್ತು ಕದ್ದಳೆಂದು ಅವಳನ್ನು ಗೇಟಿನ ಹೊರಗೆ ಹಾಕಿದರು. ನೋಡಿ ನ್ಯಾಯವನ್ನ: ಬೆರಳಿಗೆ ಚುಚ್ಚುವಾಗ ಸೂಜಿ ಯಾರದ್ದೂ ಅಲ್ಲ, ಬಾಟಲಿಗೆ ಬಿದ್ದ ಮೇಲೆ ಅದು ಸ್ವತ್ತು.

ಅಂದು ಸಂಜೆ ಅಮ್ಮ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು.

"ಮ್ಯಾನೇಜರ್ ಎಲ್ಲರ ಮುಂದೆ ಅವಳಿಗೆ ಏನಂದ ಗೊತ್ತಾ? ಒದ್ದೆ ಬಟ್ಟೆ ಅಲ್ವಾ ನೀನು, ಹೋಗು, ಬಿಸಿಲಲ್ಲಿ ಒಣಗು ಅಂದ. ಆ ಮಾತು ಅವನಿಗೆ ಹೇಗೆ ಗೊತ್ತು?"

"ನಾನು ಹೆಸರು ಬರೆದಿಲ್ಲಮ್ಮ."

"ಹೆಸರು ಯಾಕೆ ಬೇಕು? ಇಡೀ ಕಾರ್ಖಾನೆಯಲ್ಲಿ ಆ ಮಾತು ಆಡೋಳು ಅವಳೊಬ್ಬಳೇ. ಮೇಸ್ತ್ರಿಗೂ ಗೊತ್ತು, ಕಾವಲುಗಾರನಿಗೂ ಗೊತ್ತು. ಇಷ್ಟು ಓದಿದೋಳಿಗೆ ಇಷ್ಟು ಗೊತ್ತಾಗ್ಲಿಲ್ವಾ?"

ಹೆಸರು ಮುಚ್ಚಿಟ್ಟರೆ ಮನುಷ್ಯರನ್ನು ಮುಚ್ಚಿಟ್ಟ ಹಾಗೆ ಎಂದು ಹುಡುಗಿ ನಂಬಿದ್ದಳು. ಬಡವರಿಗೆ ಹೆಸರಿಗಿಂತ ಮಾತೇ ಗುರುತು ಅನ್ನುವುದನ್ನು ಯಾವ ಪುಸ್ತಕವೂ ಅವಳಿಗೆ ಹೇಳಿರಲಿಲ್ಲ.

ಮಾರನೆಯ ದಿನ ಮೇಡಂ ಕೋಣೆಗೆ ಹೋದಳು. ಮೇಡಂ ಬೆಣ್ಣೆಯಂಥ ದನಿಯವರು.

"ಫೈಲನ್ನ ಅವರ ಜೊತೆ ಹಂಚಿಕೊಳ್ಳೋದು ಒಪ್ಪಂದದಲ್ಲೇ ಇದೆಯಮ್ಮ. ಜಾಗ ಕೊಟ್ಟೋರು ಅವರು. ಅವರು ಬೇಡ ಅಂದ್ರೆ ಮುಂದಿನ ವರ್ಷದ ಮಕ್ಕಳನ್ನ ಎಲ್ಲಿಗೆ ಕಳಿಸ್ಲಿ?"

"ಗೋಪ್ಯ ಅಂತ ನೀವೇ ಬರೆಸಿದ್ರಿ ಮೇಡಂ."

"ಬರೆಸಿದ್ದೆ. ನಿನಗೆಷ್ಟು ಗಂಟೆ ಉಳಿದಿದೆ?"

"ಹನ್ನೆರಡು."

"ಮುಗಿಸು. ಅಪ್ಪ ಇಲ್ಲದ ಹುಡುಗಿ, ಅಮ್ಮನ ಮುಖ ನೋಡು." ಬೇಲಿಯೇ ಎದ್ದು ಹೊಲ ಮೇಯುವಾಗಲೂ ಹೀಗೆ ಮೆತ್ತಗೇ ಮಾತಾಡುತ್ತದೆ.

ಅಲ್ಲಿಂದ ಸೂಜಿಯಕ್ಕನ ಮನೆಗೆ ಹೋದಳು. ಅಕ್ಕ ತಂಗಿಯ ಬೆನ್ನು ಒರೆಸುತ್ತಿದ್ದಳು. ತಿರುಗಿ ನೋಡಲಿಲ್ಲ.

"ತಪ್ಪಾಯ್ತು ಅಕ್ಕ."

"ಆಯ್ತು. ನನಗೀಗ ಕೆಲಸ ಬೇಕು, ನಿನ್ನ ತಪ್ಪು ಇಟ್ಕೊಂಡು ಏನು ಮಾಡ್ಲಿ?" ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಇನ್ಮೇಲೆ ಬರೋರಿಗಾದ್ರೂ ಮೊದಲೇ ಹೇಳು, ಇಲ್ಲಿ ಆಡಿದ್ದು ಎಲ್ಲಿಗೆ ಹೋಗುತ್ತೆ ಅಂತ."

ಸೋಮವಾರ ಕೋಣೆಗೆ ಮೊದಲು ಬಂದವಳು ಅಮ್ಮ. ಮಗಳ ಹತ್ತಿರ ಕಷ್ಟ ಹೇಳಿಕೊಳ್ಳಲು ಚೀಟಿ ಪಡೆದು, ಸಾಲಿನಲ್ಲಿ ನಿಂತು ಬಂದಿದ್ದಳು. ಹುಡುಗಿ ಪೆನ್ನು ಕೆಳಗಿಟ್ಟಳು.

"ಅಮ್ಮ, ನೀನು ಇಲ್ಲಿ ಹೇಳಿದ್ದೆಲ್ಲ ಮ್ಯಾನೇಜರ್ ಓದ್ತಾನೆ."

"ಗೊತ್ತು. ಅದಕ್ಕೇ ಬಂದಿದ್ದು. ಬರ್ಕೋ." ಅಮ್ಮ ಸೆರಗಿನ ತುದಿ ಬಿಚ್ಚಿ ಸೂಜಿಯೊಂದನ್ನು ಮೇಜಿನ ಮೇಲಿಟ್ಟಳು. "ನಾನೇನು ಒದ್ದೆ ಬಟ್ಟೇನಾ, ಹಿಂಡಿದಷ್ಟೂ ನೀರು ಕೊಡೋಕೆ? ಸೂಜಿ ನನ್ನ ಹತ್ರ ಇದೆ. ಇನ್‌ಸ್ಪೆಕ್ಟರ್ ಮುಂದೆ ಇಡ್ತೀನಿ. ಹೇಳಿದ ಹಾಗೇ ಬರ್ಕೋ."

"ಕೆಲಸ ಹೋಗುತ್ತಮ್ಮ."

"ಬರ್ಕೋ ಅಂದೆ."

ಬರೆದಳು. ವ್ಯಕ್ತಿ ಎಂಟು. ಆಮೇಲೆ ಒಂಬತ್ತು ಬಂದಳು, ಹತ್ತು ಬಂದಳು. ನಾಲ್ಕು ದಿನದಲ್ಲಿ ಇಪ್ಪತ್ತೆರಡು ಜನ. ಒಬ್ಬೊಬ್ಬಳೂ ಒಂದು ಸೂಜಿ ಇಟ್ಟಳು, ಅದೇ ಮಾತು ಹೇಳಿದಳು. ಹೊಸದಾಗಿ ಮದುವೆಯಾದವಳೊಬ್ಬಳು ಅರ್ಧಕ್ಕೇ ಮರೆತು, ಹೊರಗೆ ಹೋಗಿ ಕೇಳಿಕೊಂಡು ಬಂದು ಪೂರ್ತಿ ಮಾಡಿದಳು.

ಗುರುವಾರ ಸಂಜೆ ಮ್ಯಾನೇಜರ್ ಫೈಲು ತರಿಸಿಕೊಂಡು ಓದಿ ಕೆಂಪಾದ. "ಯಾರು ಇವ್ರೆಲ್ಲ?" ಎಂದು ಗುಡುಗಿದ.

"ಹೆಸರು ಬರೆಯೋ ಹಾಗಿಲ್ಲ ಸಾರ್. ನಿಯಮ" ಎಂದಳು ಹುಡುಗಿ.

ಇಪ್ಪತ್ತೆರಡು ಜನರನ್ನು ಒಟ್ಟಿಗೆ ಹೊರಗೆ ಹಾಕಿದರೆ ರೋಲರಿನ ಮುಂದೆ ಅವನೇ ನಿಲ್ಲಬೇಕಿತ್ತು. ಅವನು ಫೈಲನ್ನು ಅವಳ ಮೇಜಿನ ಮೇಲೆ ಎಸೆದು ಹೋದ.

ಶುಕ್ರವಾರ ಇನ್‌ಸ್ಪೆಕ್ಟರ್ ಬಂದರು. 'ಮನ ಹಗುರ' ಕೋಣೆ ತೋರಿಸಲು ಮ್ಯಾನೇಜರ್ ಅವರನ್ನು ಕರೆತಂದ. ಕಾಲೇಜಿನ ಪರವಾಗಿ ಗೈಡ್ ಮೇಡಂ ಕೂಡ ಇದ್ದರು. ಹುಡುಗಿ ಫೈಲನ್ನೂ ಸೂಜಿಗಳನ್ನೂ ಇನ್‌ಸ್ಪೆಕ್ಟರ್ ಮುಂದೆ ಸರಿಸಿದಳು. ಅವರು ಎರಡು ಹಾಳೆ ತಿರುವಿ, "ಇದು ಮಾನಸಿಕ ವಿಷಯ. ನನ್ನ ವ್ಯಾಪ್ತಿಗೆ ಬರಲ್ಲ" ಎಂದು ಫೈಲು ಮುಚ್ಚಿದರು.

ಅವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮೇಡಂ ಬಾಗಿ, ಅವಳ ಕಿವಿಗಷ್ಟೇ ಬೀಳಲೆಂದು, ರೋಲರಿನ ಸದ್ದನ್ನು ನಂಬಿಕೊಂಡು ಹೇಳಿದರು: "ಬಾಯಿ ಮುಚ್ಕೊಂಡು ಕೂರು. ನಿನಗೆ ಡಿಗ್ರಿ ಬೇಕೋ, ಈ ಕೂಲಿ ಹೆಂಗಸ್ರು ಬೇಕೋ?"

ಆದರೆ ಆ ಮಾತಿನ ನಡುವೆಯೇ ರೋಲರ್ ನಿಂತಿತ್ತು. ಗೋಡೆಯಾಚೆ ಅಮ್ಮ ಕೆಂಪು ಗುಂಡಿ ಒತ್ತಿದ್ದಳು. ಇದ್ದಕ್ಕಿದ್ದಂತೆ ಹರಡಿದ ಮೌನದಲ್ಲಿ ಮೇಡಂ ಮಾತಿನ ಕೊನೆಯ ತುಂಡು ಕೋಣೆಯಲ್ಲಿ, ಬಾಗಿಲಲ್ಲಿ, ಬಾಗಿಲಾಚೆ ಬಂದು ನಿಂತ ಹೆಂಗಸರ ನಡುವೆ, ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ಹುಡುಗಿ ಫೈಲನ್ನು ತನ್ನ ಕಡೆ ಎಳೆದುಕೊಂಡು ಹೊಸ ಹಾಳೆ ತೆಗೆದಳು. 'ವ್ಯಕ್ತಿ' ಎಂದು ಬರೆಯಲಿಲ್ಲ. ಮೇಡಂ ಪೂರ್ತಿ ಹೆಸರು ಬರೆದಳು, ಅದರ ಮುಂದೆ ಆ ಮಾತನ್ನು ಬರೆದಳು. ಕೆಳಗೆ ಮ್ಯಾನೇಜರ್ ಹೆಸರು, ಸೂಜಿಯಕ್ಕನಿಗೆ ಅವನಾಡಿದ ಮಾತು. ಅದರ ಕೆಳಗೆ ತನ್ನ ಹೆಸರು, ತಾನು ಮಾಡಿದ ತಪ್ಪು. ಸಹಿ ಹಾಕಿದಳು. ಪೆನ್ನಿನ ಸದ್ದೊಂದೇ ಕೇಳುತ್ತಿತ್ತು.

ಆ ಹನ್ನೆರಡು ಗಂಟೆಗೆ ಇವತ್ತಿಗೂ ಸಹಿ ಬಿದ್ದಿಲ್ಲ. ಬೀಳುವುದಿಲ್ಲವೆಂದು ಅವಳಿಗೆ ಆಗಲೇ ಗೊತ್ತಿತ್ತು. ಹಾಳೆಯನ್ನು ಇನ್‌ಸ್ಪೆಕ್ಟರ್ ಕಡೆ ತಿರುಗಿಸಿ, ಕೂಗದೆ, ಮೆಲ್ಲಗೆ ಹೇಳಿದಳು:

"ಇದು ಮಾನಸಿಕ ಅಲ್ಲ ಸಾರ್. ಕೂತು ಓದಿ. ನೀವು ಓದಿ ಮುಗಿಸೋವರೆಗೂ ರೋಲರ್ ತಿರುಗಲ್ಲ."