ಸಿಪ್ಪೆಯ ಹಳದಿ

ಮೇಲೆ ಸುರಿದ ಕೆಂಪು ನೀರು ಪುಡಿ ತುಂಬಿದ ಪೈಪಿನ ಕೆಳಗೆ ತಿಳಿಯಾಗಿ ತೊಟ್ಟಿಕ್ಕತೊಡಗಿದಾಗ ವಾಮನರಾವ್ ಚಪ್ಪಾಳೆ ತಟ್ಟಿದರು. ವಸುಧಾಳ ಮುಖ ಮಾತ್ರ ಬಿಳಿಚಿತು. ಎಂಥಾ ತಿಳಿ ಅಂತೀರಿ, ಸಾಕ್ಷಾತ್ ಆಕಾಶಗಂಗೆ ದಾರಿ ತಪ್ಪಿ ನಾಗಪುರದ ಪ್ರತಾಪ ನಗರದಲ್ಲಿರುವ ಅವಳ ಮನೆಯ ಮಾಳಿಗೆಗೆ ಇಳಿದಿದ್ದರೂ ಅದರ ಮುಂದೆ ರಾಡಿಯೇ.

ವಸುಧಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಕಿತ್ತಳೆ ಸಿಪ್ಪೆಯ ಪುಡಿಗೆ ನೀರಿನಲ್ಲಿಯ ಬಣ್ಣ ಹೀರುವ ಗುಣ ಇದೆ ಎಂಬುದು ಅವಳ ಹಟ. ಆ ಹಟಕ್ಕಾಗಿ ಅರ್ಧ ನಾಗಪುರ ಕಿತ್ತಳೆ ತಿಂದು ತೇಗಿತ್ತು. ಅವಳ ಮಾಳಿಗೆಯ ಘಮಕ್ಕೆ ಸೋನೆಗಾಂವಿನಲ್ಲಿ ಇಳಿಯಬೇಕಾದ ವಿಮಾನಗಳೂ ಒಂದು ಸುತ್ತು ಹೆಚ್ಚು ಹಾಕುತ್ತಿದ್ದವು. ಗಂಡ ಶ್ರೀಕಾಂತ ದಿನಾ ಸಂಜೆ ಬ್ಯಾಂಕಿನಿಂದ ಬಂದವನೇ ಕಿತ್ತಳೆ ಸುಲಿದು, ಸಿಪ್ಪೆಯನ್ನು ಸ್ಟೀಲಿನ ತಟ್ಟೆಯಲ್ಲಿ ಅವಳತ್ತ ಸರಿಸುತ್ತಿದ್ದ. ಈಗ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಮಾಲೀಕ ವಾಮನರಾವ್ ಒಪ್ಪಿದರೆ, ಆ ಪುಡಿ ಅವರ ಹೊಲಸು ನೀರಿಗೆ ಹೋಗಿ ಬೀಳುತ್ತದೆ. ಇಲ್ಲದಿದ್ದರೆ ಮಾಳಿಗೆಯ ಮೇಲೆಯೇ ಕೊಳೆಯುತ್ತದೆ.

ವಾಮನರಾವ್ ಲೋಟವನ್ನು ಬೆಳಕಿಗೆ ಹಿಡಿದು, ನಾಳೆಯೇ ಕಾರ್ಖಾನೆಗೆ ಬನ್ನಿ ಎಂದರು. ಆದರೆ ಅವಳ ಪುಡಿ ಕೆಂಪನ್ನು ಹೀರಿದ ಮೇಲೆ ತನ್ನದೊಂದು ನಸುಹಳದಿಯನ್ನು ಬಿಟ್ಟೇ ಬಿಡುತ್ತದೆ. ಅದನ್ನವಳು ಮುಚ್ಚಿಡುವವಳೂ ಅಲ್ಲ. ಈ ಲೋಟದಲ್ಲಿ ಆ ಹಳದಿಯ ಸುಳಿವೇ ಇರಲಿಲ್ಲ. ಪೈಪಿನ ಮುಚ್ಚಳ ಬಿಚ್ಚಿ ಒಳಗಿನದನ್ನು ಅಂಗೈಗೆ ಸುರಿದುಕೊಂಡಳು. ನೀರು ತಿಳಿ ಮಾಡಲೆಂದೇ ಪೇಟೆಯಲ್ಲಿ ಮಾರುವ ಕರ್ರಗಿನ ಇದ್ದಿಲ ಪುಡಿ. ಶ್ರೀಕಾಂತ ಕಿಟಕಿಯತ್ತ ತಿರುಗಿದ.

ಇದು ನನ್ನದಲ್ಲ ಎಂದು ವಸುಧಾ ವಾಮನರಾವ್ ಅವರಿಗೆ ಮರಾಠಿಯಲ್ಲಿ ಹೇಳಿದಳು. ಪೈಪು ತೊಳೆದು, ತನ್ನ ಪುಡಿ ತುಂಬಿ, ಮತ್ತೆ ಕೆಂಪು ನೀರು ಸುರಿದಳು. ಎರಡನೆಯ ಲೋಟದಲ್ಲಿ ಕೆಂಪು ಇರಲಿಲ್ಲ, ನಸುಹಳದಿ ಇತ್ತು. ವಾಮನರಾವ್ ಎರಡೂ ಲೋಟ ನೋಡಿದರು, ಗಂಡ ಹೆಂಡತಿ ಇಬ್ಬರನ್ನೂ ನೋಡಿದರು. ಚಹಾ ಅರ್ಧಕ್ಕೆ ಬಿಟ್ಟು, ಫೋನ್ ಮಾಡುತ್ತೇನೆ ಎಂದು ಮೆಟ್ಟಿಲಿಳಿದರು.

"ಹಳದಿ ನೀರು ನೋಡಿ ಅಂವ ನಕ್ಕಬಿಟ್ಟಿದ್ರ? ನಿನ್ನ ಮರ್ಯಾದಿ ಉಳೀಲಿ ಅಂತ ಪುಡಿ ಬದಲಿ ಮಾಡಿದೆ," ಎಂದ ಶ್ರೀಕಾಂತ.

ವಸುಧಾ ಕೈಯ ಕಪ್ಪನ್ನು ಸೆರಗಿಗೆ ಒರೆಸಿಕೊಂಡಳು.

"ಇಷ್ಟು ವರ್ಷ ಸಿಪ್ಪಿ ಸುಲದು ಕೊಟ್ರಿ," ಎಂದಳು. "ಒಂದ್ ದಿನಾನೂ ನಂಬಿದ್ದಿಲ್ಲಲ್ರಿ."

ಸಂಜೆ ಶ್ರೀಕಾಂತ ಎಂದಿನಂತೆ ಕಿತ್ತಳೆ ಸುಲಿದ. ಹಣ್ಣು ಬಾಯಿಗಿಡಲಿಲ್ಲ. ತಟ್ಟೆಯನ್ನು ಅವಳತ್ತ ಸರಿಸಿದ.

ವಸುಧಾ ಅಡುಗೆಮನೆಯಿಂದ ಇನ್ನೊಂದು ತಟ್ಟೆ ತಂದಳು. ಬುಟ್ಟಿಯಿಂದ ಒಂದು ಕಿತ್ತಳೆ ಎತ್ತಿಕೊಂಡು, ತಾನೇ ಸುಲಿಯತೊಡಗಿದಳು.