ಗವ್ರೀಲನ ಲಾರಿ ನಿಂತದ್ದು

ಪ್ರೊಕೋಪಿ ಲಾರಿಯ ಕೆಳಗೆ ಅಂಗಾತ ಮಲಗಿ ಬ್ಲೋ ಲ್ಯಾಂಪಿನ ಉರಿಯನ್ನು ಎಂಜಿನ್ನಿನ ಹೊಟ್ಟೆಗೆ ಹಿಡಿದಿದ್ದ. ಬಾನೆಟ್ಟಿನ ಮೇಲೆ ತಾಡಪಾಲು ಹೊದಿಸಿ, ಬಿಸಿ ಹೊರಗೆ ಹೋಗದಂತೆ ಅದರ ಅಂಚನ್ನು ಹಿಮದ ಮೇಲೆ ಎಳೆದು ಹಲಗೆ ಒತ್ತಿಟ್ಟಿದ್ದರು. ಹೊರಗೆ ನಿಂತಿದ್ದ ಅಕುಲೀನಾ ಅವನ ಬೂಟುಗಳಿಗೆ ಬೈಯುತ್ತಿದ್ದಳು. ಅವನದೆಂದು ಕಾಣುತ್ತಿದ್ದದ್ದು ಅವೆರಡೇ.

"ಬೆಳಗಿನಿಂದ ಕಾಯಿಸ್ತಾನೇ ಇದೀಯ. ಇಷ್ಟೊತ್ತಿಗೆ ಒಂದು ಇಡೀ ಕುದುರೆ ಬೆಂದಿರೋದು."

"ಆಯಿಲ್ ಪೂರ್ತಿ ಕರಗಬೇಕಲ್ಲಕ್ಕ. ಜೇಡಿಮಣ್ಣಿನ ಹಾಗೆ ಕೂತಿತ್ತು."

"ನನ್ನ ತಮ್ಮ ಇದ್ದಿದ್ರೆ ಎಷ್ಟೊತ್ತಿಗೋ ಎಬ್ಬಿಸಿರ್ತಿದ್ದ."

"ನಿನ್ನ ತಮ್ಮ ಇದ್ದಿದ್ರೆ ಇದು ನಿಲ್ತಾನೇ ಇರಲಿಲ್ಲ" ಎಂದಿತು ಬೂಟುಗಳ ಕಡೆಯ ದನಿ.

ಆ ತಮ್ಮ ಗವ್ರೀಲ, ಮನೆಯೊಳಗೆ ಎರಡು ಬೆಂಚುಗಳ ಮೇಲಿಟ್ಟ ಪೆಟ್ಟಿಗೆಯಲ್ಲಿ, ಗಡ್ಡ ಬೋಳಿಸಿಕೊಂಡು, ಒಳ್ಳೆಯ ಕೋಟು ತೊಟ್ಟು ಮಲಗಿದ್ದ. ಸತ್ತು ಮೂರನೆಯ ದಿನ. ಅಪ್ಪ ಅಮ್ಮನ ಪಕ್ಕದಲ್ಲೇ ತನ್ನನ್ನು ಇಡಬೇಕೆಂದು ಹೇಳಿದ್ದ. ಅವರನ್ನು ಹೂಳಿದ ಹಳೆಯ ಊರಿನ ಗುಡ್ಡಕ್ಕೆ ಹಿಮಗಟ್ಟಿದ ಇಂದಿಗಿರ್ಕಾ ನದಿ ದಾಟಿ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಹೋಗಬೇಕು. ಅಲ್ಲಿ ಅಗೆಯುವವರು ಚಳಿಗೆ ಕಲ್ಲಾದ ನೆಲದ ಮೇಲೆ ದಿಮ್ಮಿ ಉರಿಸಿ, ಕರಗಿದಷ್ಟು ಕೆರೆದು, ಮತ್ತೆ ಉರಿಸಿ, ಇವತ್ತು ಬೆಳಿಗ್ಗೆ ಗುಂಡಿ ಮುಗಿಸಿದ್ದರು. ಅಗೆದ ಗುಂಡಿಯನ್ನು ನಮ್ಮವರು ರಾತ್ರಿಗೆ ಖಾಲಿ ಬಿಡುವುದಿಲ್ಲ. ಬಿಟ್ಟರೆ ಅದು ಅದೇ ಮನೆಯಿಂದ ಇನ್ನೊಬ್ಬರನ್ನು ಕೇಳುತ್ತದೆ ಎಂಬ ಭಯ. ಗವ್ರೀಲನ ಮನೆಯಲ್ಲಿ ಉಳಿದಿದ್ದವಳು ಹೆಂಡತಿ ಮಾವ್ರಾ ಒಬ್ಬಳೇ. ಆದ್ದರಿಂದ ಅಂಗಳಕ್ಕೆ ಬಂದವರೆಲ್ಲ ಲಾರಿಯನ್ನೊಮ್ಮೆ ನೋಡಿ, ಆಮೇಲೆ ಅವಳನ್ನು ನೋಡುತ್ತಿದ್ದರು. ಊರಿನ ಬೇರೆ ಲಾರಿಗಳು ಗಣಿಗೆ ಹೋಗಿದ್ದವು. ಪ್ರೊಕೋಪಿಯ ಜೀಪಿನಲ್ಲಿ ಪೆಟ್ಟಿಗೆ ಹಿಡಿಯುತ್ತಿರಲಿಲ್ಲ.

ನಮ್ಮ ಕಡೆ ಮೊದಲ ಗಟ್ಟಿ ಚಳಿ ಬಿದ್ದ ದಿನದಿಂದ ನದಿಯ ಮಂಜುಗಡ್ಡೆ ಒಡೆಯುವವರೆಗೆ ಲಾರಿಯ ಎಂಜಿನ್ ಆರಿಸುವವರಿಲ್ಲ. ಡ್ರೈವರ್ ಉಣ್ಣಲಿ, ಮಲಗಲಿ, ಮದುವೆಯಾಗಲಿ, ಅದು ಕಿಟಕಿಯಾಚೆ ಗೊಣಗುತ್ತಲೇ ಇರಬೇಕು. ಗವ್ರೀಲನ ಲಾರಿ ಅವನು ಸತ್ತ ದಿನವೇ ನಿಂತುಹೋಗಿತ್ತು. ಒಡೆಯನ ಜೊತೆಗೇ ಹೋಯಿತೆಂದು ಹೆಂಗಸರು ಕಣ್ಣೊರೆಸಿಕೊಂಡರು. ಡೀಸೆಲ್ ಗಾಡಿಗೆ ಅಷ್ಟೊಂದು ನಿಯತ್ತು ಇರುವುದಿಲ್ಲ ಎಂದು ಗೊತ್ತಿದ್ದ ಗಂಡಸರೂ ಸುಮ್ಮನಿದ್ದರು.

ಪ್ರೊಕೋಪಿ ಏನೂ ಬಾಕಿ ಇಟ್ಟಿರಲಿಲ್ಲ. ಬ್ಯಾಟರಿಯನ್ನು ಒಲೆಯ ಪಕ್ಕದಲ್ಲಿ ಮಲಗಿಸಿ ಬೆಚ್ಚಗೆ ಮಾಡಿ ತಂದಿದ್ದ. ಫಿಲ್ಟರಿನಲ್ಲಿ ಡೀಸೆಲ್ಲು ತುಪ್ಪದ ಹಾಗೆ ಹೆಪ್ಪುಗಟ್ಟಿತ್ತು, ಅದನ್ನು ತೊಳೆದಿದ್ದ. ಪೈಪಿನ ಗಾಳಿ ತೆಗೆದಿದ್ದ. ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿಯೇ ತಿರುಗುತ್ತಿತ್ತು, ಆದರೆ ಹತ್ತಿಕೊಳ್ಳುತ್ತಿರಲಿಲ್ಲ. ಚಳಿ ಇನ್ನೂ ಬಿಟ್ಟಿಲ್ಲವೆಂದು ಅವನು ಮತ್ತೆ ಕೆಳಗೆ ತೂರಿದ್ದ.

ಆಗ ತೆರೆಂತಿ ಗೇಟು ತಳ್ಳಿಕೊಂಡು ಬಂದ. ಮಾವ್ರಾಳ ಸ್ವಂತ ತಮ್ಮ. ಒಂದು ಕಾಲದಲ್ಲಿ ಅವನೂ ಡ್ರೈವರೇ, ಈಗ ಊರಿನ ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ತುಂಬುವವನು.

"ನೀನ್ಯಾಕೆ ಬಂದೆ?" ಎಂದಳು ಅಕುಲೀನಾ.

"ಸತ್ತದ್ದು ನಿಜವಾ ಅಂತ ನೋಡ್ಕೊಂಡು ಹೋಗೋಣ ಅಂತ."

"ನಿಜ. ನಡಿ ಇನ್ನು."

"ಇನ್ನೂ ಮಣ್ಣಾಗಿಲ್ಲವಲ್ಲ. ಭಾವ ಹೊರಡೋದನ್ನೂ ನೋಡ್ತೀನಿ." ಅವನು ಬಗ್ಗಿ ತಾಡಪಾಲು ಎತ್ತಿದ. "ಏನೋ ಪ್ರೊಕೋಪಿ, ಸೆಲ್ಫ್ ಹೊಡೆದಾಗ ಸೈಲೆನ್ಸರಿನಲ್ಲಿ ಬಿಳಿ ಹೊಗೆಯಾದ್ರೂ ಬಂತಾ?"

"ಇಲ್ಲ."

"ಒಂದು ಎಳೆನೂ ಇಲ್ಲ?"

"ಇಲ್ಲ ಅಂದ್ನಲ್ಲ."

"ಹಾಗಿದ್ರೆ ಡೀಸೆಲ್ ಒಳಗೇ ಹೋಗ್ತಿಲ್ಲ. ಹೊಟ್ಟೆ ಕಾಯಿಸಿ ಏನು ಮಾಡ್ತೀಯ, ಗಂಟಲು ಕಟ್ಟಿದೆ."

ಬಾಗಿಲಲ್ಲಿ ಚಹಾದ ಕೆಟಲ್ ಹಿಡಿದು ನಿಂತಿದ್ದ ಮಾವ್ರಾ ತಮ್ಮನ ಬಲಗೈಯನ್ನು ನೋಡಿದಳು. ಆ ಕೈಗವಸಿನಲ್ಲಿ ಹೆಬ್ಬೆರಳೊಂದೇ ಇತ್ತು, ಉಳಿದ ಭಾಗ ಟೊಳ್ಳಾಗಿ ಜೋತುಬಿದ್ದಿತ್ತು.

*

ಅದು ಹಳೆಯ ಜಗಳ. ಹಳೆಯ ಊರಿನ ದಾರಿಯಲ್ಲಿ ಕರಿಬಂಡೆಯ ತಿರುವು ಅಂತ ಇದೆ. ಹಗಲಿನಲ್ಲೂ ಅಲ್ಲಿ ಮಂಜು ಕದಲುವುದಿಲ್ಲ. ತೆರೆಂತಿಯ ಎಂಜಿನ್ ಕೆಟ್ಟು ನಿಂತದ್ದು ಅಲ್ಲಿ. ಸ್ಟೆಪ್ನಿ ಟೈರು ಸುಟ್ಟುಕೊಂಡು ಕೂತಿದ್ದವನಿಗೆ ದೂರದಲ್ಲಿ ಲಾರಿಯೊಂದು ಕೇಳಿಸಿತು. ಸದ್ದಿನಿಂದಲೇ ಭಾವನ ಗಾಡಿ ಎಂದು ಗೊತ್ತಾಯಿತು. ರಸ್ತೆಯ ನಡುವೆ ನಿಂತು, ಕಾಣಲೆಂದು ಕೈಗವಸು ಕಳಚಿ ಅದನ್ನೇ ಬೀಸಿದ.

ಲಾರಿ ಪಕ್ಕಕ್ಕೆ ಹೊರಳಿ, ನಿಲ್ಲದೆ ಹೋಯಿತು. ಗಾಜಿನ ಹಿಂದೆ ಗವ್ರೀಲನ ಮುಖ ಇತ್ತು, ಅವನು ತನ್ನನ್ನೇ ನೋಡುತ್ತಿದ್ದ ಎಂದು ತೆರೆಂತಿ ಹೇಳಿದ. ಮಂಜು, ಏನೂ ಕಾಣಲಿಲ್ಲ ಎಂದು ಗವ್ರೀಲ ಹೇಳಿದ.

ಊರು ಗವ್ರೀಲನನ್ನು ನಂಬಿತು. ನಂಬದೆ ಗತಿ ಇರಲಿಲ್ಲ. ಈ ದಾರಿಯಲ್ಲಿ ನಿಂತ ಗಾಡಿಯನ್ನು ಕಂಡೂ ದಾಟಿ ಹೋಗುವವರಿದ್ದಾರೆ ಎಂದಾದರೆ ಯಾವ ಹೆಂಡತಿ ಗಂಡನನ್ನು ದಾರಿಗೆ ಕಳಿಸುತ್ತಾಳೆ? ತೆರೆಂತಿ ಕುಡಿದಿದ್ದ ಎಂದುಕೊಳ್ಳುವುದು ಎಲ್ಲರಿಗೂ ಅನುಕೂಲವಾಗಿತ್ತು. ಮಾವ್ರಾ ಆಸ್ಪತ್ರೆಗೆ ಹೋಗಿ, ಚಳಿಗೆ ಸತ್ತ ನಾಲ್ಕು ಬೆರಳು ಕತ್ತರಿಸಿ ಬ್ಯಾಂಡೇಜು ಸುತ್ತಿದ್ದ ಕೈಯ ಪಕ್ಕದಲ್ಲಿ ಕೂತು, "ಕುಡಿದಿದ್ದೆ ಅಂತ ಒಪ್ಕೊಂಡು ಬಿಡು" ಎಂದಳು. ತಮ್ಮ ಗೋಡೆಗೆ ಮುಖ ತಿರುಗಿಸಿದ. ಅವತ್ತಿನಿಂದ ಒಂದೇ ಊರಿನಲ್ಲಿ ಇದ್ದೂ ಅವರು ಮಾತಾಡಿರಲಿಲ್ಲ.

*

ತೆರೆಂತಿ ಕ್ಯಾಬಿನ್ ಹತ್ತಿದ. ಸ್ಟೀರಿಂಗಿನ ಕೆಳಗೆ ಕೈ ಹಾಕಿ ತಡವಿದವನು ನಕ್ಕ. ಕೇಳಲು ಹಿತವಾದ ನಗು ಅಲ್ಲ.

"ಪ್ರೊಕೋಪಿ, ನೀನು ಡ್ರೈವರಾ, ಕುರಿ ಕಾಯೋನಾ? ಸ್ಟಾಪರ್ ಎಳೆದೇ ಇದೆಯಲ್ಲೋ."

ಪ್ರೊಕೋಪಿ ಮಸಿ ಬಳಿದ ಮುಖ ಹೊರಗೆ ಹಾಕಿದ. ಸ್ಟಾಪರ್ ಎಂದರೆ ಎಂಜಿನ್ನಿಗೆ ಡೀಸೆಲ್ ಕಡಿದು ನಿಲ್ಲಿಸುವ ಗುಬುಟು. ಎಳೆದರೆ ಎಂಜಿನ್ ನಿಲ್ಲುತ್ತದೆ, ಮತ್ತೆ ಒಳಗೆ ತಳ್ಳುವವರೆಗೆ ತಲೆಕೆಳಗಾದರೂ ಏಳುವುದಿಲ್ಲ. ಚಳಿಗಾಲದಲ್ಲಿ ಅದನ್ನು ಮುಟ್ಟುವವರೇ ಇಲ್ಲದ ಊರಿನಲ್ಲಿ ಅದನ್ನು ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಯಾರೋ ಬೇಕಂತಲೇ ನಿಲ್ಲಿಸಿದಾರೆ" ಎಂದ ತೆರೆಂತಿ. "ಡ್ರೈವರ್ ಅಲ್ಲ. ಡ್ರೈವರ್ ಆಗಿದ್ರೆ ನಿಂತ ಮೇಲೆ ಒಳಗೆ ತಳ್ತಿದ್ದ."

"ನೀನೇ ಇರಬೇಕು" ಎಂದು ಅಕುಲೀನಾ ಮುಂದೆ ಬಂದಳು. "ಸಾಯೋನ ಮನೆಗೆ ಕಳ್ಳನ ಹಾಗೆ ನುಗ್ಗಿ—"

ತೆರೆಂತಿ ಎರಡೂ ಬಾಗಿಲು ಒಳಗಿನಿಂದ ಹಾಕಿಕೊಂಡು, ಗಾಜು ಒಂದಿಷ್ಟು ಇಳಿಸಿ, ಬೀಗದ ಕೈ ಎತ್ತಿ ತೋರಿಸಿದ.

"ಸ್ಟಾಪರ್ ತಳ್ಳಿದ್ರೆ ಗಾಡಿ ಏಳುತ್ತೆ. ಈಗಲೇ ತಳ್ತೀನಿ. ಅಕ್ಕ, ನೀನು ಮೊದಲು ಒಂದು ಮಾತು ಹೇಳು. ಅಷ್ಟು ವರ್ಷ ಅವನ ಪಕ್ಕ ಮಲಗಿದೀಯ. ಅವತ್ತು ನಾನು ಅವನಿಗೆ ಕಂಡಿದ್ನಾ, ಇಲ್ವಾ?"

"ಹೆಣ ಒಳಗಿಟ್ಕೊಂಡು ಪಂಚಾಯ್ತಿ ಮಾಡ್ತಾನಲ್ಲ" ಎಂದು ಅಕುಲೀನಾ ಕಿರುಚಿದಳು. "ಕಲ್ಲು ತಗೊಂಡು ಗಾಜು ಒಡೀರೋ."

"ಒಡೀರಿ. ಗಾಜಿಲ್ಲದ ಗಾಡಿಯಲ್ಲಿ ಈ ಚಳಿಗೆ ನದಿ ದಾಟೋರು ಯಾರು?"

ಯಾರೂ ಕಲ್ಲು ಎತ್ತಲಿಲ್ಲ. ಬೆಳಕು ಆಗಲೇ ಬಾಡತೊಡಗಿತ್ತು. ಮಾವ್ರಾ ಕೆಟಲನ್ನು ಹಿಮದ ಮೇಲಿಟ್ಟಳು.

"ಸ್ಟಾಪರ್ ಎಳೆದೋಳು ನಾನು" ಎಂದಳು.

*

ಸಾಯುವ ದಿನ ಗವ್ರೀಲ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದ. ಮಧ್ಯಾಹ್ನವೇ ಕತ್ತಲು ಕವಿದಿತ್ತು. ಉಸಿರು ಸಿಕ್ಕಾಗಲೆಲ್ಲ ಅವನು ಕೇಳುತ್ತಿದ್ದದ್ದು ಒಂದೇ ಮಾತು: "ಓಡ್ತಾ ಇದೆಯಾ?" ಓಡ್ತಾ ಇದೆ ಎನ್ನುತ್ತಿದ್ದಳು ಅವಳು. ಎಂಜಿನ್ನಿನ ನಡುಕಕ್ಕೆ ಗೂಡಿನಲ್ಲಿ ಲೋಟಗಳು ಒಂದಕ್ಕೊಂದು ತಗುಲಿ ಗಲಗಲ ಎನ್ನುತ್ತಿದ್ದವು. ಮದುವೆಯಾಗಿ ಬಂದ ಮೊದಲ ಚಳಿಗಾಲದಿಂದ ಅವಳು ಕೇಳಿಕೊಂಡು ಬಂದ ಸದ್ದು ಅದು. ಊಟ ಮಾಡಿದೆಯಾ ಎಂದು ಅವನು ಕೇಳಲಿಲ್ಲ. ನಾನು ಹೋದ ಮೇಲೆ ನೀನೇನು ಮಾಡುತ್ತೀಯ ಎಂದೂ ಕೇಳಲಿಲ್ಲ. ಮತ್ತೆ ಅದೇ, ಓಡ್ತಾ ಇದೆಯಾ.

ಮಾವ್ರಾಳಿಗೆ ಮೈಯೆಲ್ಲ ಉರಿದುಹೋಯಿತು. ಹೆಗಲಿಗೆ ಕೋಟು ಎಸೆದುಕೊಂಡು ಹೊರಗೆ ಹೋಗಿ, ವಸಂತದಲ್ಲಿ ಅವನು ಎಳೆಯುವುದನ್ನು ನೋಡಿದ್ದ ಆ ಗುಬುಟನ್ನು ಎರಡೂ ಕೈಯಲ್ಲಿ ಎಳೆದಳು. ಲಾರಿ ಮೈ ನಡುಗಿಸಿ ಸುಮ್ಮನಾಯಿತು.

ಒಳಗೆ ಬಂದಾಗ ಲೋಟಗಳು ಸುಮ್ಮನಿದ್ದವು. ಅವನು ಕಣ್ಣು ತೆರೆದಿದ್ದ. ಬೈಯಲಿ, ಕಡೆಗೊಮ್ಮೆ ಬೈಯಲಿ ಎಂದು ಅವಳು ಕಾದು ನಿಂತಳು.

"ನಿಂತಿತಲ್ಲ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತು ತಿರುವಿನಲ್ಲಿ ನಿಲ್ಲಿಸಿದ್ರೆ ಮತ್ತೆ ಏಳ್ತಾ ಇರಲಿಲ್ಲ ಕಣೇ. ಚಳಿಗೆ ಗಟ್ಟಿಯಾಗೋ ಬೇಸಿಗೆ ಡೀಸೆಲ್ ಹಾಕಿಸಿದ್ದೆ, ಎಂಜಿನ್ ಎಳೀತಿರಲಿಲ್ಲ. ಇಬ್ರೂ ಸಾಯ್ತಿದ್ವಿ. ಈಗ ನಿಂತಿದೆ. ನೀನು ಇಳಿದು ಹೋಗು ಮಾವ್ರಾ. ಅಲ್ಲಿ ಕೈ ಬೀಸ್ತಾ ಇದಾನೆ ನಿನ್ನ ತಮ್ಮ."

ಅವಳು ಅವನ ಕೈ ಹಿಡಿಯಲಿಲ್ಲ. ಒಲೆಯ ದಿಮ್ಮಿ ಕೆಂಡವಾಗುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

*

ಇದನ್ನೆಲ್ಲ ಅವಳು ಅಂಗಳದಲ್ಲಿ, ಎಲ್ಲರೆದುರು, ಸ್ವಲ್ಪವೂ ಬಿಡದೆ ಹೇಳಿದಳು. ಅಕುಲೀನಾ ಕೆಟಲನ್ನು ಒದ್ದಳು. ಚಹಾ ಹಿಮದ ಮೇಲೆ ಹರಿದು ನೋಡುತ್ತಿದ್ದಂತೆ ಗಟ್ಟಿಯಾಯಿತು.

"ಸಾಯೋ ಹೊತ್ತಿನ ಬಡಬಡಿಕೆಗೆಲ್ಲ ಬೆಲೆ ಉಂಟಾ? ಗಂಡನ ಕಡೇ ಉಸಿರಲ್ಲಿ ಗಾಡಿ ಆರಿಸಿದ ರಾಕ್ಷಸಿ ನೀನು."

"ಹೌದು, ಆರಿಸಿದೆ. ಬದುಕಿದ್ದಷ್ಟು ದಿನ ಅವರು ನಂಗೆ ಹೇಳಿದ್ದು ಸುಳ್ಳು ಅತ್ತಿಗೆ. ಬಡಬಡಿಸಿದ್ದೊಂದೇ ನಿಜ." ಮಾವ್ರಾ ಲಾರಿಯ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯಲ್ಲ. ಎಬ್ಬಿಸು ಈಗ."

"ಆಸ್ಪತ್ರೆಯಲ್ಲಿ ನೀನು ಅಂದ ಮಾತು?"

"ಅದಕ್ಕೆ ಇನ್ನೊಂದು ದಿನ ಬಂದು ಬೈಯಿ. ಗುಂಡಿ ತೆರೆದಿದೆ."

ತೆರೆಂತಿ ಹೆಬ್ಬೆರಳಿನಿಂದ ಗುಬುಟು ಒತ್ತಿ ಸೆಲ್ಫ್ ಹೊಡೆದ. ಬಿಳಿ ಹೊಗೆ ಬಂತು, ಕೆಮ್ಮಿತು, ಇನ್ನೊಮ್ಮೆ ಹೊಡೆದಾಗ ಕರಿ ಹೊಗೆ ಉಗುಳಿ ಎದ್ದಿತು. ಮನೆಯೊಳಗೆ ಲೋಟಗಳು ಗಲಗಲ ಎಂದವು. ಪೆಟ್ಟಿಗೆ ಏರಿಸಿದರು. ಮಾವ್ರಾ ಕ್ಯಾಬಿನ್ನಿನಲ್ಲಿ ಕೂತಳು. ಅಕುಲೀನಾ ಮತ್ತು ಉಳಿದವರು ಪ್ರೊಕೋಪಿಯ ಜೀಪಿನಲ್ಲಿ ಹಿಂದೆ ಬಂದರು. ಲಾರಿ ಹಿಮಗಟ್ಟಿದ ನದಿ ದಾಟಿ ಹೆದ್ದಾರಿ ಹಿಡಿಯಿತು.

ಕರಿಬಂಡೆಯ ತಿರುವಿನಲ್ಲಿ ಮಂಜು ದಟ್ಟವಾಗಿತ್ತು. ತೆರೆಂತಿ ಗಾಡಿಯನ್ನು ನಿಧಾನ ಮಾಡಿ ನಿಲ್ಲಿಸಿದ. ಕೆಳಗೆ ಕೈ ಹಾಕಿ ಸ್ಟಾಪರ್ ಎಳೆದ. ಎಂಜಿನ್ ನಿಂತ ಮೇಲೆ ಅದನ್ನು ಒಳಗೆ ತಳ್ಳಿದ. ಹೆಡ್‌ಲೈಟನ್ನು ಹಾಗೆಯೇ ಬಿಟ್ಟು ಇಳಿದುಹೋದ.

ಹಿಂದೆ ಜೀಪು ಹಾರ್ನ್ ಹೊಡೆಯಿತು. "ಯಾಕೋ ಆರಿಸಿದೆ? ಇಲ್ಲೇ ಸಾಯಿಸ್ತೀಯೇನೋ ಎಲ್ಲರನ್ನೂ?" ಅಕುಲೀನಾಳ ದನಿ ಮಂಜಿನೊಳಗಿಂದ ಬಂತು.

ಮಾವ್ರಾ ಗಾಜಿನ ಹಿಂದೆ ಕೂತೇ ನೋಡಿದಳು. ತೆರೆಂತಿ ಬೆಳಕಿನಲ್ಲಿ ಮುಂದೆ ಮುಂದೆ ನಡೆದು, ರಸ್ತೆಯ ನಡುವೆ ಒಂದು ಕಡೆ ನಿಂತು, ಲಾರಿಯತ್ತ ತಿರುಗಿದ. ಬಲಗೈಯ ಗವಸು ಕಳಚಿದ. ಅದನ್ನು ಎಡಗೈಗೆ ತೆಗೆದುಕೊಂಡು, ತಲೆಯ ಮೇಲೆ ಎತ್ತಿ, ನಿಂತ ಲಾರಿಗೆ ಬೀಸತೊಡಗಿದ.

ಮಾವ್ರಾ ಬಾಗಿಲು ತೆರೆದು ಇಳಿದಳು.