ಹಳೇ ವಿಂಡೋಸ್ ಮೇಲೆ ಲಾರಿ

ಮಾವ ನಾಗಪ್ಪನ ಲಾರಿಯನ್ನು ಮಾರಿಸಿದವಳು ನೇತ್ರಾಳೇ. ಇನ್ನು ಗಾಡಿ ಹೊಡೆಯಬಾರದು ಎಂದು ಕಣ್ಣಿನ ಡಾಕ್ಟರು ಹೇಳಿಯಾಗಿತ್ತು, ಲೈಸೆನ್ಸೂ ರಿನ್ಯೂ ಆಗಲಿಲ್ಲ. ಆದರೂ ಮುದುಕ ಕದ್ದುಮುಚ್ಚಿ ಲಾರಿ ತೆಗೆದು, ಓಣಿಯ ಬೋರ್‌ವೆಲ್ಲಿಗೆ ಗುದ್ದಿ ಬಂದ. ಮರುವಾರವೇ ಅವಳು ಗಂಡ ಸಂಜಯನನ್ನು ಮುಂದೆ ಮಾಡಿಕೊಂಡು ಲಾರಿ ಮಾರಿಸಿಬಿಟ್ಟಳು.

ಅಂದಿನಿಂದ ನಾಗಪ್ಪ ಸೊಸೆಯ ಜೊತೆ ಮಾತು ಬಿಟ್ಟ. ಚಹಾ ಬೇಕಾದರೆ ಗೋಡೆಗೆ ಹೇಳುತ್ತಿದ್ದ. ನೇತ್ರಾ ಚಹಾ ತಂದಿಟ್ಟರೆ, ಸಕ್ಕರೆ ಕಮ್ಮಿಯಾಯಿತೆಂದು ಮತ್ತೆ ಗೋಡೆಗೇ ಹೇಳುತ್ತಿದ್ದ. ಯಲ್ಲಾಪುರದ ಪೇಟೆಯಲ್ಲಿ ಯಾರ ಜೊತೆಗಾದರೂ ಜಗಳ ಕಾಯಬಲ್ಲ ಹೆಂಗಸು ಅವಳು. ಇದನ್ನು ಮಾತ್ರ ತಡೆಯಲಾಗಲಿಲ್ಲ. ಅಲ್ಲಿಯವರೆಗೆ ಆ ಮನೆಯಲ್ಲಿ ಅವಳ ಜೊತೆ ಕೂತು ನಗುತ್ತಿದ್ದವನು ಮುದುಕ ಒಬ್ಬನೇ.

ಅದಕ್ಕೇ ಹುಬ್ಬಳ್ಳಿಯಿಂದ ಲಾರಿ ಓಡಿಸುವ ಆಟದ ಸಿ.ಡಿ. ತರಿಸಿದಳು. ಮನೆಯಲ್ಲಿ ಕಂಪ್ಯೂಟರ್ ಇತ್ತು. ಯಾವುದೋ ಆಫೀಸಿನವರು ಬಿಸಾಡುವಾಗ ಸಂಜಯ ಹೊತ್ತು ತಂದದ್ದು. ಅದರೊಳಗೆ ವಿಂಡೋಸ್ ತೊಂಬತ್ತೈದು ನಡೆಯುತ್ತಿತ್ತು, ಹೊರಗೆ ಎರಡು ಸಾವಿರದ ಮೂರನೇ ಇಸವಿ. ಸಿ.ಡಿ. ಹಾಕಿದರೆ, ಹೊಸ ವಿಂಡೋಸ್ ಬೇಕು ಎಂಬ ಒಂದು ಸಾಲು ಬಂದು ಎಲ್ಲ ನಿಂತುಹೋಯಿತು. ನೇತ್ರಾ ಸಿ.ಡಿ.ಯನ್ನು ಸೆರಗಿನಿಂದ ಒರೆಸಿ ಮತ್ತೆ ಹಾಕಿದಳು. ಕಂಪ್ಯೂಟರ್ ಆರಿಸಿ ಮತ್ತೆ ಚಾಲೂ ಮಾಡಿದಳು. ಕಡೆಗೆ ಊದುಬತ್ತಿಯನ್ನೂ ಬೆಳಗಿದಳು. ಆ ಸಾಲು ಅಲ್ಲಾಡಲಿಲ್ಲ.

ಕಂಪ್ಯೂಟರ್ ರಿಪೇರಿ ಮಾಡುವ ಚಿರಂತನ ಹೆಗಡೆ ಶಿರಸಿಯಿಂದ ಬಸ್ಸು ಹತ್ತಿ ಬಂದ. ಪೆಟ್ಟಿಗೆ ಬಿಚ್ಚಿ ನೋಡಿ, ಸಾವಿನ ಮನೆಗೆ ಮಾತಾಡಿಸಲು ಬಂದವನ ಮುಖ ಮಾಡಿದ.

“ಇದ್ಕೆ ವಿಂಡೋಸ್ ತೊಂಬತ್ತೆಂಟು ಹಾಕ್ಬಹುದು ಅಕ್ಕಾ. ಆದ್ರೂ ಆಟ ಓಡೂದು ಕಷ್ಟ. ಮಷಿನ್ನಿಗೆ ತಾಕತ್ತಿಲ್ಲ.”

“ಹಾಕ್ರಿ. ಓಡದಿದ್ರ ಆಮ್ಯಾಲ ನೋಡೂಣು,” ಎಂದಳು ನೇತ್ರಾ.

ಸಂಜೆಯ ಹೊತ್ತಿಗೆ ತೊಂಬತ್ತೆಂಟು ಬಂದು ಕೂತಿತು. ಆದರೆ ಕಂಪ್ಯೂಟರಿನ ಧ್ವನಿ ಹೋಯಿತು. ಆಟ ತೆರೆದುಕೊಂಡಿತು: ಸ್ಟೀರಿಂಗು, ಏರು ರಸ್ತೆ, ಮುಂದೆ ಗುಡ್ಡ. ಕೀಬೋರ್ಡಿನ ಬಾಣದ ಗುಂಡಿ ಒತ್ತಿದರೆ ಲಾರಿ ಒಮ್ಮೆ ಜಗ್ಗಿ ನಿಂತಿತು. ಒಂದು ಎಲೆಯಡಿಕೆ ಕವಳ ಹಾಕಿಕೊಳ್ಳುವಷ್ಟು ಹೊತ್ತಾದ ಮೇಲೆ ಮತ್ತೊಮ್ಮೆ ಜಗ್ಗಿತು.

“ಇದು ಆಟ ಅಲ್ಲ ಅಕ್ಕಾ, ಫೋಟೋ ಆಲ್ಬಮ್ಮು,” ಎಂದು ಚಿರಂತನ ಚೀಲ ಕಟ್ಟಿದ.

ನೇತ್ರಾಳಿಗೆ ಅಳುವೇ ಬಂತು. ಆರಿಸಲೆಂದು ಕೈ ಚಾಚಿದಳು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ನಾಗಪ್ಪ ಒಳಗೆ ಬಂದು ಗೋಡೆಗೆ ಹೇಳಿದ: “ಲೋಡ್ ಗಾಡಿ ಐತಿ. ಅರಬೈಲ್ ಘಟ್ಟದಾಗ ಲೋಡ್ ಗಾಡಿ ಮತ್ತ ಹೆಂಗ ಏರತೈತಿ?”

ಚಿರಂತನ ಎದ್ದು ಕುರ್ಚಿ ಬಿಟ್ಟುಕೊಟ್ಟ, ಗುಂಡಿಗಳನ್ನು ತೋರಿಸಿದ. ಮುದುಕ ಮೂಗು ಪರದೆಯ ಗಾಜಿಗೆ ತಾಗುವಂತೆ ಕೂತು, ಗುಂಡಿ ಒತ್ತಿ ಕಾದ. ಅವನಿಗೆ ಯಾವ ಅವಸರವೂ ಇರಲಿಲ್ಲ. ಧ್ವನಿ ಇಲ್ಲದ್ದಕ್ಕೆ ಇಂಜಿನ್ನಿನ ಗುರುಗುರು, ಗೇರು ಬದಲಿಸುವ ಸದ್ದು ಎಲ್ಲವನ್ನೂ ತನ್ನ ಗಂಟಲಿನಿಂದಲೇ ಹೊರಡಿಸಿದ. ಚಿರಂತನನ ಬಸ್ಸಿನ ಹೊತ್ತಾಗಿತ್ತು, ಅವನು ಹೋಗಲಿಲ್ಲ.

ಆಟದ ರಸ್ತೆಯಲ್ಲಿ ತಿರುವು ಬಂತು. ಎದುರಿಗೆ ಒಂದು ಬಸ್ಸು ಬಂದು ಹಾಗೇ ನಿಂತುಕೊಂಡಿತು. ನಾಗಪ್ಪ ಗುಂಡಿಯಿಂದ ಕೈ ತೆಗೆದ. ರಸ್ತೆಯ ಅಂಚು ಅವನಿಗೆ ಕಾಣುತ್ತಿರಲಿಲ್ಲ.

“ಏನವಾ ನೇತ್ರಾ, ಸುಮ್ನ ನಿಂತೀಯಲ್ಲ? ಎಡಕ್ಕ ಎಷ್ಟ ಜಾಗ ಐತಿ, ನೋಡಿ ಹೇಳು.”

ಅವಳು ಎಡಕ್ಕೆ ಬಂದು ಗಾಜಿಗೆ ಬಾಗಿದಳು. ಕಣ್ಣು ಮಂಜಾಗಿ ಅವಳಿಗೂ ಏನೂ ಕಾಣಲಿಲ್ಲ. ಕ್ಲೀನರು ಲಾರಿಯ ಪಕ್ಕ ತಟ್ಟುತ್ತ ಡ್ರೈವರನಿಗೆ ದಾರಿ ಹೇಳುವ ಹಾಗೆ ಮೇಜಿಗೆ ಅಂಗೈ ತಟ್ಟಿದಳು.

“ಬರ್ರಿ ಮಾವಾರ,” ಎಂದಳು, “ಬರ್ರಿ, ಬರ್ರಿ, ಇನ್ನೂ ಬರ್ರಿ.”